ಟ್ರೇಲರ್ ಟೈರು: ಕೊಳ್ಳುವಾಗಿನ ಎಚ್ಚರ, ಕೆಟ್ಟಾಗಿನ ಹಕ್ಕು

ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿನ ಟೈರು ಒಡೆದರೆ ಅಂಗಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಓವರ್‌ಲೋಡ್ ಹಾಕಿದ್ದೀರಿ, ಕ್ಲೇಮ್ ಆಗೋಲ್ಲ.’ ಬಾಯಿಮಾತಿನ ಈ ಆರೋಪಕ್ಕೆ ಕಾಗದವೇ ಉತ್ತರ. ಆ ಕಾಗದ ಕೂಡಿಡುವ ಕೆಲಸ ಟೈರು ಕೊಂಡ ದಿನವೇ ಶುರುವಾಗಬೇಕು.

ಕಾನೂನಿನ ಕಣ್ಣಲ್ಲಿ ಟ್ರೇಲರ್

ಎಂಜಿನ್ ಇಲ್ಲದಿದ್ದರೂ ಟ್ರೇಲರ್ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರು ವಾಹನವೇ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ಉಬ್ಬಿದ ಅಥವಾ ಒಳಗಿನ ದಾರ ಕಾಣುವಷ್ಟು ಸವೆದ ಟೈರು ಹಾಕಿ ರಸ್ತೆಗಿಳಿಯುವಂತಿಲ್ಲ. ಅಪಾಯಕಾರಿ ದೋಷವಿರುವ ವಾಹನ ಓಡಿಸಿದರೆ 190ನೇ ಸೆಕ್ಷನ್ ಅಡಿ 1,500 ರೂಪಾಯಿ ದಂಡ. ಅದರಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಕೊಳ್ಳುವಾಗ

ಟೈರಿನ ಪಕ್ಕದ ಬರಹ ಓದಿ. ‘9.00-16 16 ಪಿಆರ್’ ಎಂದಿದ್ದರೆ ಟೈರಿನ ಅಗಲ 9 ಇಂಚು, ರಿಮ್ 16 ಇಂಚು. ಪಿಆರ್ ಎಂಬುದು ಪ್ಲೈ ರೇಟಿಂಗ್, ಅಂದರೆ ಭಾರ ತಾಳುವ ಶಕ್ತಿ. ತಯಾರಿಕೆಯ ಗುರುತಿನಲ್ಲಿ ‘2324’ ಎಂದಿದ್ದರೆ ಅದು 2024ರ 23ನೇ ವಾರದ ಮಾಲು. ಎಲ್ಲ ಟೈರುಗಳ ಭಾರ ಸಾಮರ್ಥ್ಯ ಕೂಡಿಸಿದರೆ ಆರ್‌ಸಿಯಲ್ಲಿರುವ ಒಟ್ಟು ತೂಕಕ್ಕಿಂತ ಕಡಿಮೆ ಬರಬಾರದು.

ಬಿಲ್ಲಿನಲ್ಲಿ ಅಳತೆ, ಪ್ಲೈ ರೇಟಿಂಗ್ ಮತ್ತು ಪ್ರತಿ ಟೈರಿನ ಸೀರಿಯಲ್ ನಂಬರ್ ಬರೆಸಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು ಹಾಕಿಸಿ. ಬಿಲ್ ಕೊಡದಿರುವುದು, ರೀಟ್ರೆಡ್ ಮಾಡಿದ ಟೈರನ್ನು ಹೊಸದೆಂದು ಮಾರುವುದು, ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ.

ಟೈರು ಕೆಟ್ಟರೆ

1. ಒಡೆದ ಟೈರನ್ನು ಗುಜರಿಗೆ ಹಾಕಬೇಡಿ. ಸೀರಿಯಲ್ ನಂಬರ್ ಕಾಣುವಂತೆ ಫೋಟೊ ತೆಗೆಯಿರಿ.
2. ತಪಾಸಣೆಗೆ ಒಪ್ಪಿಸುವಾಗ ಸ್ವೀಕೃತಿ ಚೀಟಿ ಪಡೆಯಿರಿ.
3. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.
4. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.
5. ಅಲ್ಲಿ ಬಗೆಹರಿಯದಿದ್ದರೆ, ತೊಂದರೆಯಾದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ.

ಟೈರು ಕೊಂಡದ್ದು ಬೇರೆ ಜಿಲ್ಲೆಯಲ್ಲಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದೂ ಇಲ್ಲ. ತಯಾರಿಕೆಯ ದೋಷ ಬರಿಗಣ್ಣಿಗೆ ತಿಳಿಯದಿದ್ದರೆ ಆಯೋಗವೇ ಟೈರನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಪರೀಕ್ಷೆಯ ವೆಚ್ಚವನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ.

‘ನಿಮ್ಮದು ವ್ಯಾಪಾರಿ ಬಳಕೆ, ನೀವು ಗ್ರಾಹಕರಲ್ಲ’ ಎಂಬ ತಕರಾರು ಬರಬಹುದು. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲು ಕೊಂಡ ವಸ್ತು ವ್ಯಾಪಾರಿ ಉದ್ದೇಶದ್ದಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ತಾವೇ ಟ್ರ್ಯಾಕ್ಟರ್ ಓಡಿಸಿ ಬದುಕುವ ರೈತರು ಇದನ್ನೇ ಮುಂದಿಡಬೇಕು. ಆಳು ಇಟ್ಟು ಹತ್ತಾರು ಗಾಡಿ ಬಾಡಿಗೆಗೆ ಬಿಡುವವರಿಗೆ ಈ ವಾದ ಸುಲಭವಾಗಿ ಒದಗದು.

ಇನ್ನು ಓವರ್‌ಲೋಡ್ ಮಾತು. ಕಾರ್ಖಾನೆಯ ವೇಬ್ರಿಜ್ ಕೊಡುವ ತೂಕದ ಚೀಟಿಗಳನ್ನು ಬಿಲ್ಲಿನ ಜೊತೆಗೇ ಇಡಿ. ಮಿತಿಯೊಳಗೆ ಹೇರಿದ್ದಿರಿ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಮಿತಿ ಮೀರಿದ್ದರೆ ಅದೇ ಚೀಟಿ ನಿಮ್ಮ ವಿರುದ್ಧವೂ ಸಾಕ್ಷಿ. ಆಗ ಕ್ಲೇಮ್ ಕೈತಪ್ಪುವುದರ ಜೊತೆಗೆ, 194ನೇ ಸೆಕ್ಷನ್ ಅಡಿ 20,000 ರೂಪಾಯಿ ಮತ್ತು ಹೆಚ್ಚುವರಿ ಟನ್ನಿಗೆ 2,000 ರೂಪಾಯಿಯಂತೆ ದಂಡಕ್ಕೂ ದಾರಿಯಾಗಬಹುದು.