ಹಾಲುಹಲ್ಲು ತಾನೇ ಎಂದು ಬಿಡಬಹುದೇ?

"ಹೇಗೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ಡಾಕ್ಟರು?" ಆಪಾಳ ಮೂರು ವರ್ಷದ ಮಗನ ಮೇಲಿನ ಹಲ್ಲು ಕಪ್ಪಾದಾಗ ಅಮ್ಮಿ ಹೇಳಿದ ಮಾತಿದು.

ಹುಳುಕು ಹಲ್ಲಿನಲ್ಲಿ ಹುಳುವೇನೂ ಇರುವುದಿಲ್ಲ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂತಹ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗತೊಡಗುತ್ತದೆ. ಹಾಲುಹಲ್ಲಿನ ಎನಾಮಲ್ ತೆಳು, ಹಾಗಾಗಿ ಹುಳುಕು ಬೇಗ ನರ ಮುಟ್ಟುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಗು ಮಲಗಿದರೆ ಇನ್ನೂ ಕಷ್ಟ. ನಿದ್ದೆಯಲ್ಲಿ ಜೊಲ್ಲು ಕಡಿಮೆ; ಹಾಲು ಮೇಲಿನ ಮುಂಭಾಗದ ಹಲ್ಲುಗಳ ಸುತ್ತಲೇ ನಿಲ್ಲುತ್ತದೆ. ಕೆಳಗಿನವನ್ನು ನಾಲಿಗೆ ಕಾಯುತ್ತದೆ.

20 ಹಾಲುಹಲ್ಲುಗಳಲ್ಲಿ ದವಡೆ ಹಲ್ಲುಗಳು 10-12 ವರ್ಷದವರೆಗೂ ಬೇಕು. ಬೇಗ ಕಿತ್ತರೆ ಪಕ್ಕದವು ವಾಲಿ, ಹೊಸ ಹಲ್ಲು ಜಾಗವಿಲ್ಲದೆ ಸೊಟ್ಟಗೆ ಬರಬಹುದು. ಆರನೇ ವರ್ಷದ ಸುಮಾರಿಗೆ ಅವುಗಳ ಹಿಂದೆ ಹುಟ್ಟುವ ದವಡೆ ಹಲ್ಲಂತೂ ಶಾಶ್ವತ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿಯುವ ತಂದೆತಾಯಂದಿರಿದ್ದಾರೆ.

ಮೊದಲ ಹಲ್ಲು ಮೂಡಿದಾಗಿನಿಂದಲೇ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, 3 ವರ್ಷ ತುಂಬಿದ ಮೇಲೆ ಬಟಾಣಿಯಷ್ಟು. ಉಜ್ಜಬೇಕಾದವರು ದೊಡ್ಡವರು.

ಆಪಾಳ ಮಗನಿಗೆ ಎರಡು ಹಲ್ಲು ತುಂಬಿಸಿದ್ದಾಯಿತು. ರಾತ್ರಿಯ ಬಾಟಲಿ ಬಿಡಿಸಲು ಮಾತ್ರ ಮೂರು ವಾರ ಹಿಡಿಯಿತು. ಅವನಿಗಿಂತ ಹೆಚ್ಚು ಮರುಗಿದ್ದು ಅಮ್ಮಿ.