ಪರೀಕ್ಷೆಗೆ ಓದುವ ಮಗನೂ ವಿಟಮಿನ್ ‘ಎ’ ಮಾತ್ರೆಯೂ

ಪ್ರಶ್ನೆ: ವಿಟಮಿನ್ ‘ಎ’ ಕಣ್ಣಿಗೆ ಬೇಕೆಂದು ಶಾಲೆಯಲ್ಲೇ ಕಲಿತಿದ್ದೇವೆ. ಅದು ಮೆದುಳಿನ ಕೋಶಗಳನ್ನೂ ಬೆಳೆಸುತ್ತದಂತೆ, ನಿಜವೇ? ಹಾಗಿದ್ದರೆ ಪರೀಕ್ಷೆಗೆ ಓದುತ್ತಿರುವ ಮಗನಿಗೆ ಮಾತ್ರೆ ಕೊಡಬಹುದೇ?

ಉತ್ತರ: ಕೇಳಿದ್ದು ನಿಜ. ಮಾತ್ರೆ ಮಾತ್ರ ಬೇಡ.

ನಾವು ತಿಂದ ವಿಟಮಿನ್ ‘ಎ’ಯಲ್ಲಿ ಒಂದು ಪಾಲು ದೇಹದಲ್ಲಿ ರೆಟಿನೋಯಿಕ್ ಆಮ್ಲವಾಗಿ ಮಾರ್ಪಡುತ್ತದೆ. ನರಕೋಶಗಳ ಮಟ್ಟಿಗೆ ಮುಖ್ಯ ಕೆಲಸವೆಲ್ಲ ಇದರದ್ದೇ. ಕೋಶಕೇಂದ್ರದೊಳಗಿನ ಗ್ರಾಹಕ ಪ್ರೋಟೀನಿಗೆ ಇದು ಅಂಟಿಕೊಂಡರೆ ಕೆಲವು ಜೀನುಗಳು ಎಚ್ಚರಗೊಳ್ಳುತ್ತವೆ. ಆ ಗ್ರಾಹಕವನ್ನು 1987ರಲ್ಲಿ ಫ್ರಾನ್ಸಿನ ಪಿಯೇರ್ ಶಾಂಬೋ ಮತ್ತು ಅಮೆರಿಕದ ರೊನಾಲ್ಡ್ ಇವಾನ್ಸ್ ಅವರ ತಂಡಗಳು ಬೇರೆಬೇರೆಯಾಗಿಯೇ ಪತ್ತೆಹಚ್ಚಿದವು.

ಇನ್ನು ‘ಬೆಳೆಸುವುದು’ ಅಂದರೆ ಏನು? ಪುಟ್ಟ ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನಲ್ಲಿ, ನರಕೋಶವಾಗಬೇಕಿದ್ದ ಎಳೆಯ ಕೋಶಗಳು ಬಲಿಯದೆ ಒಂದೇ ಸಮನೆ ಇಬ್ಭಾಗವಾಗುತ್ತ ಹೋಗುತ್ತವೆ. ಇಂಥ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಸಾಕಿ ರೆಟಿನೋಯಿಕ್ ಆಮ್ಲ ಹಾಕಿದರೆ, ಕೆಲವೇ ದಿನಗಳಲ್ಲಿ ಅವುಗಳ ವಿಭಜನೆ ತಗ್ಗಿ ಮೈಯಿಂದ ಉದ್ದನೆಯ ಎಳೆಗಳು ಹೊರಡುತ್ತವೆ. ಪೈರು ತೆಂಡೆಯೊಡೆಯುವುದನ್ನು ಬಿಟ್ಟು ತೆನೆಗೆ ಬಂದ ಹಾಗೆ. ಸಂಖ್ಯೆ ಏರುವುದಿಲ್ಲ, ಕೋಶ ಬಲಿಯುತ್ತದೆ. ಈ ಗುಣವನ್ನೇ ನಂಬಿ, ಕಾಯಿಲೆ ತೀವ್ರವಾಗಿದ್ದ ಮಕ್ಕಳಿಗೆ ಕೀಮೋಥೆರಪಿಯಂಥ ಚಿಕಿತ್ಸೆಗಳು ಮುಗಿದ ಮೇಲೆ ರೆಟಿನೋಯಿಕ್ ಆಮ್ಲದ್ದೇ ಒಂದು ರೂಪವಾದ ಐಸೋಟ್ರೆಟಿನೋಯಿನ್ ಕೊಡುತ್ತಾರೆ. ಹೌದು, ಹಟಮಾರಿ ಮೊಡವೆಗೆ ಚರ್ಮವೈದ್ಯರು ಬರೆದುಕೊಡುವ ಮಾತ್ರೆಯೇ ಅದು!

ಇಷ್ಟು ಬಲವಿರುವ ವಸ್ತು ಹೊತ್ತು ತಪ್ಪಿ ಬಂದರೂ ಅಳತೆ ಮೀರಿದರೂ ಅನಾಹುತವೇ. ಭ್ರೂಣದಲ್ಲಿ ಹಿಮ್ಮೆದುಳಿನ ಯಾವ ಭಾಗ ಎಲ್ಲಿ ಮೂಡಬೇಕೆಂದು ಗೊತ್ತುಪಡಿಸುವುದರಲ್ಲಿ ರೆಟಿನೋಯಿಕ್ ಆಮ್ಲದ ಕೈಯಿದೆ. ವಿಟಮಿನ್ ‘ಎ’ ಇಲ್ಲದ ಮೊಟ್ಟೆಗಳಲ್ಲಿ ಬೆಳೆದ ಲಾವಕ್ಕಿ ಭ್ರೂಣಗಳಲ್ಲಿ ಹಿಮ್ಮೆದುಳಿನ ಹಿಂಭಾಗವೇ ಮೂಡಿರಲಿಲ್ಲ. ಹೆಚ್ಚಾದರೆ? 1982ರಲ್ಲಿ ಐಸೋಟ್ರೆಟಿನೋಯಿನ್ ಅಮೆರಿಕದ ಮಾರುಕಟ್ಟೆಗೆ ಬಂತು. ಬಸಿರಿನಲ್ಲಿ ಅದನ್ನು ನುಂಗಿದ್ದ ಕೆಲವು ತಾಯಂದಿರ ಮಕ್ಕಳ ಮೆದುಳು, ಹೃದಯ, ಕಿವಿಗಳಲ್ಲಿ ದೋಷಗಳಿರುವುದು ಕೆಲವೇ ವರ್ಷಗಳಲ್ಲಿ ಬೆಳಕಿಗೆ ಬಂತು. ಬೆಳೆದ ಮೆದುಳಿನ ಕಥೆಯೂ ಹೀಗೇ ಇದ್ದೀತು. ನೆನಪಿನ ಕೆಲಸ ನೋಡುವ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಹೊಸ ನರಕೋಶ ಹುಟ್ಟುವುದು ವಿಟಮಿನ್ ಕೊರತೆಯಿದ್ದ ಇಲಿಗಳಲ್ಲೂ ಕಡಿಮೆ, ಐಸೋಟ್ರೆಟಿನೋಯಿನ್ ಕೊಟ್ಟ ಇಲಿಗಳಲ್ಲೂ ಕಡಿಮೆ.

ನಿಮ್ಮ ಮಗನಿಗೆ ಹರಿವೆ, ನುಗ್ಗೆಸೊಪ್ಪು, ಕ್ಯಾರೆಟ್, ಪಪ್ಪಾಯಿ ಧಾರಾಳವಾಗಿ ಕೊಡಿ. ಅವುಗಳಲ್ಲಿರುವುದು ಬೀಟಾ ಕ್ಯಾರೊಟಿನ್. ದೇಹ ಅದನ್ನು ಅಗತ್ಯ ನೋಡಿಕೊಂಡು ವಿಟಮಿನ್ ‘ಎ’ ಆಗಿ ಮಾಡಿಕೊಳ್ಳುತ್ತದೆ. ಮಾತ್ರೆಯಲ್ಲಿ ಬರುವ ರೆಟಿನಾಲ್‌ಗೆ ಆ ತಡೆಯಿಲ್ಲ. ಹೆಚ್ಚಾದದ್ದು ಯಕೃತ್ತಿನಲ್ಲಿ ಕೂಡುತ್ತ ಹೋಗುತ್ತದೆ. ಮಿತಿಮೀರಿದರೆ ತಲೆಬುರುಡೆಯೊಳಗಿನ ಒತ್ತಡ ಏರಿ ತಲೆನೋವು, ವಾಂತಿ, ಮಂಜುಗಣ್ಣು ಬರಬಹುದು. ಪರೀಕ್ಷೆಯ ಹೊತ್ತಿಗೆ ಯಾರಿಗೆ ಬೇಕು ಇದು?

ಮಗ ಈಗಾಗಲೇ ಮೊಡವೆಗೆ ಐಸೋಟ್ರೆಟಿನೋಯಿನ್ ತೆಗೆದುಕೊಳ್ಳುತ್ತಿದ್ದರೆ ಅದರ ಜೊತೆಗೆ ವಿಟಮಿನ್ ‘ಎ’ ಮಾತ್ರೆ ಸೇರಿಸಲೇಬೇಡಿ. ಮಿಕ್ಕ ಮಾತ್ರೆಯನ್ನು ಮನೆಯ ಹೆಣ್ಣುಮಕ್ಕಳ ಮೊಡವೆಗೂ ಕೊಡಬೇಡಿ. ಅವರಿಗೆ ಬೇಕಿದ್ದರೆ ವೈದ್ಯರೇ ಬರೆಯಲಿ.