ಬಿಸಿಲನ್ನು ಕಿಟಕಿಯ ಹೊರಗೇ ನಿಲ್ಲಿಸೋಣ

ಸ್ವ-ಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ
ಸಮಯ: 45 ನಿಮಿಷ
ಬೇಕಾಗುವ ಸಾಮಾನು: ಒಂದು ಹಳೆಯ ಗೋಣಿಚೀಲ, ಸುತಳಿ, ಎರಡು ಮೊಳೆ, ಒಂದು ಬಿದಿರು ಕೋಲು

ಪಾಠದ ಉದ್ದೇಶ

1. ಬೇಸಿಗೆಯಲ್ಲಿ ಮನೆಯೊಳಗೆ ಕಾವು ಯಾವ ದಾರಿಯಿಂದ ಬರುತ್ತದೆ ಎಂದು ತಿಳಿಯುವುದು.
2. ಮನೆಯ ಯಾವ ದಿಕ್ಕಿನ ಕಿಟಕಿಗೆ ಮೊದಲು ನೆರಳು ಬೇಕು ಎಂದು ಗುರುತಿಸುವುದು.
3. ಸಾಲ ಮಾಡದೆ, ಕೈಗೆ ಸಿಗುವ ಸಾಮಾನಿನಿಂದ ನೆರಳು ಮಾಡಿಕೊಳ್ಳಲು ಸಂಘದಲ್ಲಿ ತೀರ್ಮಾನಿಸುವುದು.



ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತಾ ಓಡಿ ಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅಲ್ಲಿಂದ ಮುಂದೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಬಿಸಿಲಿನದೇ ರಾಜ್ಯ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಹತ್ತಿರ ಹೋಗುತ್ತದೆ. ಗಂಡಸರು ಸಂಜೆ ಕಟ್ಟೆಗೋ ಮರದ ನೆರಳಿಗೋ ಹೋಗಿ ಕೂರುತ್ತಾರೆ. ಒಲೆ ಮುಂದೆ ನಿಲ್ಲುವವರು ನಾವು. ಬಾಣಂತಿ, ಕೂಸು, ಹಾಸಿಗೆ ಹಿಡಿದ ಅತ್ತೆ-ಮಾವ ಇವರೆಲ್ಲ ಇಡೀ ದಿನ ಆ ಕಾದ ಮನೆಯಲ್ಲೇ ಇರಬೇಕು. ಆದ್ದರಿಂದ ಮನೆಯ ಕಾವು ಹೆಂಗಸರ ಮತ್ತು ಮಕ್ಕಳ ಆರೋಗ್ಯದ ಪ್ರಶ್ನೆ.

ಹಿಂದಿನ ಮನೆ, ಇಂದಿನ ಮನೆ

ನಮ್ಮ ಹಿರಿಯರ ಮನೆಗಳು ಹೇಗಿದ್ದವು ನೆನಪಿಸಿಕೊಳ್ಳಿರಿ. ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಮೇಲ್ಮುದ್ದಿ, ಸಣ್ಣ ಕಿಟಕಿ, ಮುಂದೆ ನೆರಳಿರುವ ಪಡಸಾಲೆ. ಬಿಸಿಲು ಒಳಗೆ ಬರಲು ದಾರಿಯೇ ಇರಲಿಲ್ಲ. ಆದರೆ ಅಂಥ ಗೋಡೆಗೆ ನೀರು ವೈರಿ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಉಕ್ಕಿ ಬಂದಾಗ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಆಮೇಲೆ ಕಟ್ಟಿದ್ದು ಸಿಮೆಂಟ್ ಇಟ್ಟಿಗೆ ಮನೆ, ಮೇಲೆ ಸ್ಲ್ಯಾಬ್ ಇಲ್ಲವೆ ಪತ್ರಾಸು. ಗೋಡೆ ತೆಳುವಾಯಿತು, ಕಿಟಕಿ ದೊಡ್ಡದಾಯಿತು, ಗಾಜು ಬಂತು, ಪಡಸಾಲೆ ಹೋಯಿತು. ಮಳೆಗೆ ಮನೆ ಗಟ್ಟಿಯಾಯಿತು ನಿಜ, ಬಿಸಿಲಿಗೆ ಮಾತ್ರ ಬಾಗಿಲು ತೆರೆದಂತಾಯಿತು.

ಹಳೆಯ ಮನೆಗೆ ಮತ್ತೆ ಹೋಗಲು ಆಗುವುದಿಲ್ಲ. ಆದರೆ ಆ ಮನೆ ಕಲಿಸಿದ ಪಾಠ ನಮ್ಮ ಹತ್ತಿರ ಇದೆ: ಬಿಸಿಲು ಗೋಡೆಗೂ ಕಿಟಕಿಗೂ ಮುಟ್ಟುವ ಮೊದಲೇ ಅದನ್ನು ತಡೆಯಬೇಕು.

ಸಂಘದಲ್ಲಿ ಕೇಳಿಬರುವ ಮಾತು

ಸದಸ್ಯೆ: ಅಕ್ಕಾರ, ನಾ ಒಳಗ ದಪ್ಪನ ಪಡದೆ ಹಾಕೇನಿ. ಆದ್ರೂ ಸಂಜಿಮುಂದ ಮನಿ ಹಂಚಿನಂಗ ಕಾಯ್ತೈತಿ. ಹೊರಗ ಕಟ್ಟೂದು ಯಾಕ ಬೇಕ್ರಿ?

ಕಾರ್ಯಕರ್ತೆ: ಕಳ್ಳ ಹೊಸ್ತಿಲ ದಾಟಿ ಒಳಗ ಬಂದ ಮ್ಯಾಲ ಕದಾ ಹಾಕಿದ್ರ ಏನ್ ಬಂತ್ರಿ? ಬಿಸಿಲು ಗಾಜಿನಾಗ ಹಾಯ್ದು ಒಳಗ ಬಂದು ನಿಮ್ಮ ಪಡದೆ ಮ್ಯಾಲ ಬೀಳ್ತೈತಿ. ಪಡದೆ ಕಾಯ್ತೈತಿ. ಆ ಕಾವು ಮತ್ತ ಹೊರಗ ಹೋಗಾಕ ಗಾಜು ಬಿಡೂದಿಲ್ಲ. ಅಂದ್ರ ಪಡದೇನ ಮನಿಯೊಳಗಿನ ಒಲಿ ಆತು.

ಸದಸ್ಯೆ: ಹಂಗಾರ ಪಡದೆ ತಗೀಲೇನ್ರಿ?

ಕಾರ್ಯಕರ್ತೆ: ತಗೀಬ್ಯಾಡ್ರಿ. ಕಣ್ಣಿಗೆ ಬೆಳಕು ಕಮ್ಮಿ ಆಗ್ತೈತಿ, ಸ್ವಲ್ಪ ಕಾವೂ ತಡೀತೈತಿ. ಆದ್ರ ಖರೇ ಕೆಲಸ ಮಾಡೂದು ಹೊರಗಿನ ನೆರಳು. ಹೊರಗ ಗೋಣಿ ಕಟ್ಟಿದ್ರ ಕಾಯೂದು ಗೋಣಿ, ಆ ಕಾವನ್ನ ಹೊರಗಿನ ಗಾಳಿ ಹೊತಗೊಂಡು ಹೋಗ್ತೈತಿ.

ಇದು ಬರೀ ನಮ್ಮ ಮಾತಲ್ಲ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದ ಪ್ರಕಾರ, ಪಶ್ಚಿಮದ ಕಿಟಕಿಗೆ ಹೊರಗಡೆ ಬಟ್ಟೆಯ ಮಾಡು ಹಾಕಿದರೆ ಆ ಕಿಟಕಿಯಿಂದ ಬರುವ ಬಿಸಿಲಿನ ಕಾವು 77 ಶೇಕಡಾವರೆಗೂ ಕಡಿಮೆಯಾಗುತ್ತದೆ. ಒಳಗಡೆ ಬಿಳಿ ಅಸ್ತರಿನ ಪರದೆ ಹಾಕಿದರೆ ಸುಮಾರು 33 ಶೇಕಡಾ ಮಾತ್ರ.

ಯಾವ ಕಿಟಕಿಗೆ ಮೊದಲು?

ಎಲ್ಲ ಕಿಟಕಿಗೂ ಖರ್ಚು ಮಾಡುವ ಅಗತ್ಯವಿಲ್ಲ. ಸೂರ್ಯ ಯಾವ ಹೊತ್ತಿಗೆ ಎಲ್ಲಿರುತ್ತಾನೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ದಕ್ಷಿಣ: ಏಪ್ರಿಲ್-ಮೇದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಮೇ ಮೊದಲ ವಾರದಲ್ಲಿ ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಅಂಗಳದಲ್ಲಿ ಒಂದು ಒನಕೆ ನೆಟ್ಟಗೆ ನಿಲ್ಲಿಸಿ ನೋಡಿರಿ. ನೆರಳು ಬುಡದಲ್ಲೇ ಅಡಗಿರುತ್ತದೆ. ಆದ್ದರಿಂದ ದಕ್ಷಿಣದ ಕಿಟಕಿಗೆ ಮೇಲಿನ ಸಣ್ಣ ಸಜ್ಜಾ ಸಾಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿದಾಗ ಅದೇ ಕಿಟಕಿಯಿಂದ ಬೆಚ್ಚನೆ ಬಿಸಿಲು ಬರಲಿ, ಅದನ್ನು ಮುಚ್ಚಬೇಡಿರಿ.

ಪೂರ್ವ: ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬರುತ್ತದೆ. ಆದರೆ ಆಗ ಗೋಡೆ, ನೆಲ, ಗಾಳಿ ಎಲ್ಲ ಇನ್ನೂ ತಂಪು. ಎಂಟೂವರೆ-ಒಂಬತ್ತರ ನಂತರ ನೆರಳು ಇಳಿಸಿದರೆ ಸಾಕು.

ಪಶ್ಚಿಮ: ಇದೇ ನಮ್ಮ ದೊಡ್ಡ ವೈರಿ. ಮನೆ ಆಗಲೇ ಕಾದಿರುತ್ತದೆ, ಅದರ ಮೇಲೆ ಇಳಿಬಿಸಿಲು ನೇರವಾಗಿ ನುಗ್ಗುತ್ತದೆ. ಇಲ್ಲಿ ಸಜ್ಜಾ ಕೆಲಸಕ್ಕೆ ಬಾರದು. ಒಂದು ಲೆಕ್ಕ ನೋಡಿರಿ. ಕಿಟಕಿ 4 ಅಡಿ ಎತ್ತರ, ಸಜ್ಜಾ ಒಂದೂವರೆ ಅಡಿ ಮುಂದೆ ಚಾಚಿದೆ. ಏಪ್ರಿಲ್ ಕೊನೆಯಲ್ಲಿ ಸಂಜೆ 4 ಗಂಟೆಗೆ ಆ ಸಜ್ಜಾದ ನೆರಳು ಮೇಲಿನ ಒಂದೂಕಾಲು ಅಡಿಗೆ ಮಾತ್ರ. 5 ಗಂಟೆಗೆ ಮುಕ್ಕಾಲು ಅಡಿಯೂ ಇಲ್ಲ. ಉಳಿದ ಮೂರಡಿಯಲ್ಲೂ ಬಿಸಿಲು! ಆದ್ದರಿಂದ ಪಶ್ಚಿಮದ ಕಿಟಕಿಗೆ ಮೇಲಿನಿಂದ ಕೆಳಗಿನವರೆಗೆ ಇಳಿಬಿಡುವ ನೆರಳೇ ಬೇಕು. ಮೇ ತಿಂಗಳಲ್ಲಿ ಸೂರ್ಯ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕೆ ಸರಿದು ಮುಳುಗುತ್ತಾನೆ. ಹಾಗಾಗಿ ಉತ್ತರದ ಬದಿಗೆ ಒಂದು ಗೇಣು ಹೆಚ್ಚು ಅಗಲ ಇಡಿರಿ.

ಯಾವ ಸಾಮಾನು?

1. ಗೋಣಿ: ಹಳೆಯ ಸೆಣಬಿನ ಚೀಲ ಬಿಚ್ಚಿ, ಎರಡು-ಮೂರು ಸೇರಿಸಿ ಹೊಲಿಯಿರಿ. ಮೇಲೆ ಕೆಳಗೆ ಬಿದಿರು ಕೋಲು ಕಟ್ಟಿದರೆ ಸುತ್ತಿ ಎತ್ತಲು ಅನುಕೂಲ. ಮಧ್ಯಾಹ್ನ ಒಂದೆರಡು ಸಲ ನೀರು ಚಿಮುಕಿಸಿದರೆ, ನಮ್ಮ ಒಣ ಹವೆಯಲ್ಲಿ ಒಳಗೆ ಬರುವ ಗಾಳಿ ತಂಪಾಗುತ್ತದೆ. ಮಣ್ಣಿನ ಗಡಿಗೆ ನೀರು ತಣ್ಣಗಾಗುವ ಹಾಗೆಯೇ ಇದು. ಕುಡಿಯುವ ನೀರು ಬೇಡ, ಕಾಯಿಪಲ್ಲೆ ತೊಳೆದ ನೀರು ಸಾಕು. ಗೊಬ್ಬರದ ಪ್ಲಾಸ್ಟಿಕ್ ಚೀಲವೂ ನೆರಳು ಕೊಡುತ್ತದೆ, ಆದರೆ ನೀರು ಹಿಡಿಯುವುದಿಲ್ಲ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

2. ತಟ್ಟಿ: ಬಿದಿರು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯಿಂದ ತಟ್ಟಿ ಹೆಣೆಯಬಹುದು. ನಮ್ಮಲ್ಲಿ ಕಬ್ಬಿನ ರವದಿಗೆ ಬರವಿಲ್ಲ. ಎರಡು ಬಿದಿರಿನ ಚೌಕಟ್ಟಿನ ನಡುವೆ ರವದಿ ತುಂಬಿ ಬಿಗಿದರೆ ಒಳ್ಳೆಯ ತಟ್ಟಿ ಆಗುತ್ತದೆ. ಎಚ್ಚರ: ಒಲೆ, ದೀಪ, ಹೊಗೆಕಿಂಡಿ, ವಿದ್ಯುತ್ ತಂತಿಯ ಹತ್ತಿರ ತಟ್ಟಿ ಬೇಡವೇ ಬೇಡ.

3. ಹಸಿರು ಶೇಡ್ ನೆಟ್: ಸಸಿ ಬೆಳೆಸುವವರು ಬಳಸುವ ಬಲೆ. 50 ಮತ್ತು 75 ಶೇಕಡಾ ನೆರಳಿನದು ಸಿಗುತ್ತದೆ. ಕಿಟಕಿಗೆ 75ರದು ಒಳ್ಳೆಯದು. ಗಾಳಿಯೂ ಆಡುತ್ತದೆ. ಹತ್ತು ಮನೆಯವರು ಕೂಡಿ ಒಂದೇ ಸುರುಳಿ ತಂದು ಕತ್ತರಿಸಿ ಹಂಚಿಕೊಂಡರೆ ಅಗ್ಗ.

4. ಬಳ್ಳಿಯ ಹಂದರ: ಇದು ನೆರಳೂ ಹೌದು, ಪಲ್ಲೆಯೂ ಹೌದು. ಪಶ್ಚಿಮದ ಗೋಡೆಯಿಂದ ಎರಡಡಿ ದೂರದಲ್ಲಿ ಕುಣಿ ತೆಗೆದು, ತಿಪ್ಪೆಗೊಬ್ಬರ ಹಾಕಿ, ಜನವರಿ ಕೊನೆ ಇಲ್ಲವೆ ಫೆಬ್ರುವರಿಯಲ್ಲಿ ಹೀರೆ, ಹಾಗಲ, ಸೋರೆ ಬೀಜ ಊರಿರಿ. ಏಪ್ರಿಲ್ ಹೊತ್ತಿಗೆ ಬಳ್ಳಿ ಹಬ್ಬಿರುತ್ತದೆ. ಸ್ನಾನದ ನೀರು ಅದಕ್ಕೇ ಹರಿಯಲಿ, ನಿಲ್ಲದಂತೆ ನೋಡಿಕೊಳ್ಳಿರಿ, ಸೊಳ್ಳೆ ಆಗಬಾರದು. ಬೀಜ, ಬೇಸಾಯದ ಸಂಶಯಗಳಿಗೆ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ನಮ್ಮ ಮಗ್ಗುಲಲ್ಲೇ ಇದೆ. ಸಂಘದವರೆಲ್ಲ ಕೂಡಿ ಹೋಗಿ ಕೇಳಬಹುದು.

5. ಗಿಡ: ಜಾಗವಿದ್ದವರು ಪಶ್ಚಿಮಕ್ಕೆ ಗೋಡೆಯಿಂದ 10-12 ಅಡಿ ಬಿಟ್ಟು ನುಗ್ಗಿ ಹಚ್ಚಿರಿ, ಬೇಗ ಬೆಳೆಯುತ್ತದೆ. ಇನ್ನೂ ದೂರದಲ್ಲಿ ಒಂದು ಬೇವು ಹಚ್ಚಿದರೆ ಮೊಮ್ಮಕ್ಕಳಿಗೆ ನೆರಳು.

ಕಟ್ಟುವಾಗ ಮರೆಯಬಾರದ್ದು

• ನೆರಳು ಗೋಡೆಗೆ ಅಂಟಿಕೊಂಡಿರಬಾರದು. ನಡುವೆ ಒಂದು ಗೇಣು ಸಂದು ಇರಲಿ, ಮೇಲಿನ ಬದಿ ತೆರೆದಿರಲಿ. ಕಾದ ಗಾಳಿ ಮೇಲಕ್ಕೆ ಹೋಗಿಬಿಡುತ್ತದೆ.
• ಕಿಟಕಿಗಿಂತ ಎರಡೂ ಬದಿಗೆ ಒಂದೊಂದು ಗೇಣು ಅಗಲ ಇರಲಿ. ಇಲ್ಲದಿದ್ದರೆ ಓರೆ ಬಿಸಿಲು ಸಂದಿಯಲ್ಲಿ ನುಸುಳುತ್ತದೆ.
• ಮೇ ತಿಂಗಳ ಅಡ್ಡಮಳೆಗೆ ಜೋರು ಗಾಳಿ ಬರುತ್ತದೆ. ಮೋಡ ಕಂಡ ಕೂಡಲೇ ಸುತ್ತಿ ಕಟ್ಟಲು ಬರುವಂತಿರಲಿ.
• ಸ್ಲ್ಯಾಬ್ ಮನೆಯವರು ಹೊರಗಿನ ಗಾಳಿ ಬಿಸಿಯಾದಾಗ, ಅಂದರೆ 11ರಿಂದ 5ರವರೆಗೆ, ಕಿಟಕಿ ಮುಚ್ಚಿ ನೆರಳು ಇಳಿಸಿರಿ. ಗೋಣಿ ಒದ್ದೆ ಮಾಡಿದ್ದರೆ ಆ ಕಿಟಕಿ ತೆರೆದಿರಲಿ. ಸೂರ್ಯ ಮುಳುಗಿದ ಮೇಲೆ ನೆರಳು ಎತ್ತಿ ಎಲ್ಲ ಕಿಟಕಿ ತೆರೆಯಿರಿ.
• ಪತ್ರಾಸಿನ ಮನೆ ಒಳಗೆ ಹೊರಗಿಗಿಂತ ಹೆಚ್ಚು ಕಾಯುತ್ತದೆ. ಅವರು ಕಿಟಕಿ ಮುಚ್ಚಬಾರದು, ನೆರಳು ಕಟ್ಟಿ ಗಾಳಿಗೆ ಬಿಡಬೇಕು. ಅವರಿಗೆ ಕಿಟಕಿಗಿಂತ ಮೊದಲು ಛಾವಣಿಯ ಕೆಲಸ: ಪತ್ರಾಸಿನ ಮೇಲೆ ತಟ್ಟಿ ಇಲ್ಲವೆ ಬಿಳಿ ಬಣ್ಣ.

ಛಾವಣಿಗೆ ಬಿಳಿ ಬಣ್ಣ ಹಚ್ಚುವ ಕೆಲಸವನ್ನು ಅಹಮದಾಬಾದಿನ ಕೊಳಗೇರಿಗಳಲ್ಲಿ ಮಹಿಳಾ ಹೌಸಿಂಗ್ ಟ್ರಸ್ಟ್ ಜೊತೆ ಸೇರಿ ಹೆಂಗಸರೇ ಮಾಡಿ ತೋರಿಸಿದ್ದಾರೆ. ಆ ನಗರದಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಎಂದಿಗಿಂತ 1,300ಕ್ಕೂ ಹೆಚ್ಚು ಜನ ಹೆಚ್ಚಾಗಿ ಸತ್ತರು. ಅದರಿಂದ ಪಾಠ ಕಲಿತು 2013ರಲ್ಲಿ ನಗರಪಾಲಿಕೆ ಬಿಸಿಲಿನಿಂದ ರಕ್ಷಣೆಗೆ ಯೋಜನೆಯನ್ನೇ ಮಾಡಿತು. ಬಿಸಿಲು ಜೀವ ತೆಗೆಯುತ್ತದೆ ಎಂಬುದನ್ನು ಹಗುರವಾಗಿ ನೋಡಬಾರದು.

ಕೂಲರ್ ಸಾಲವೋ, ಗೋಣಿ ತಟ್ಟೋ?

ಬೇಸಿಗೆ ಬಂತೆಂದರೆ ಸಂಘದಲ್ಲಿ ಕೂಲರ್‌ಗೆ ಸಾಲ ಕೇಳುವವರು ಇರುತ್ತಾರೆ. ಬೇಡ ಎಂದು ನಾವು ಹೇಳುವುದಿಲ್ಲ. ಮೊದಲು ಲೆಕ್ಕ ಹಾಕಿರಿ. 75 ವ್ಯಾಟ್ ಫ್ಯಾನ್ ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. 180 ವ್ಯಾಟ್ ಕೂಲರ್ ದಿನಕ್ಕೆ 10 ತಾಸು ನಡೆದರೆ ತಿಂಗಳಿಗೆ 54 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಮೇಲೆ ಮಿತಿ ಹಾಕಿದ್ದಾರೆ. ಮಿತಿ ಮೀರಿದ್ದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ ನಮ್ಮ ತಲೆಯ ಮೇಲೆ. ಕೂಲರ್ ಕಂತು, ಬಡ್ಡಿ, ಬಿಲ್ ಮೂರನ್ನೂ ಕೂಡಿಸಿರಿ. ಮೇಲಾಗಿ ಕರೆಂಟ್ ಹೋದರೆ ಕೂಲರ್ ನಿಲ್ಲುತ್ತದೆ, ನೆರಳು ನಿಲ್ಲುವುದಿಲ್ಲ. ಮೊದಲು ನೆರಳು ಮಾಡಿ ಹದಿನೈದು ದಿನ ನೋಡಿರಿ. ಆಮೇಲೂ ಕೂಲರ್ ಬೇಕೆನಿಸಿದರೆ ಸಣ್ಣದೇ ಸಾಕಾಗಬಹುದು.

2015ರಲ್ಲಿ ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು ‘ಲೌದಾತೋ ಸಿ’ ಎಂಬ ವಿಶ್ವಪತ್ರ ಬರೆದರು. ಭೂಮಿ ನಮ್ಮೆಲ್ಲರ ಮನೆ, ಅದು ಕೆಟ್ಟರೆ ಮೊದಲು ಕಷ್ಟ ಪಡುವವರು ಬಡವರು ಎಂಬುದು ಅದರ ಸಾರ. ಹೆಚ್ಚುತ್ತಿರುವ ಎ.ಸಿ. ಬಳಕೆಯನ್ನೂ ಅವರು ಅದರಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದಾರೆ. ಯಾವ ಧರ್ಮದವರಾದರೂ ಒಪ್ಪುವ ಮಾತಿದು. ಒಂದು ಗೋಣಿ ತಟ್ಟು, ಒಂದು ಹೀರೆ ಬಳ್ಳಿ ಯಾರ ಗಾಳಿಯನ್ನೂ ಕೆಡಿಸುವುದಿಲ್ಲ.

ಸಭೆಯಲ್ಲಿ ಮಾಡಿ ನೋಡಿರಿ

ಸಭೆ ನಡೆಯುವ ಮನೆಯಲ್ಲಿ ಪಶ್ಚಿಮದ ಎರಡು ಕಿಟಕಿ ಇದ್ದರೆ, ಮಧ್ಯಾಹ್ನ 3ಕ್ಕೆ ಒಂದಕ್ಕೆ ಹೊರಗಡೆ ಗೋಣಿ ಕಟ್ಟಿರಿ, ಇನ್ನೊಂದನ್ನು ಹಾಗೇ ಬಿಡಿರಿ. ಒಂದೇ ಕಿಟಕಿ ಇದ್ದರೆ ಅರ್ಧಕ್ಕೆ ಕಟ್ಟಿರಿ. 5 ಗಂಟೆಗೆ ಪ್ರತಿ ಸದಸ್ಯೆಯೂ ಎರಡೂ ಕಡೆಯ ಕಬ್ಬಿಣದ ಸರಳನ್ನು ಮೆಲ್ಲಗೆ ಮುಟ್ಟಿ ನೋಡಲಿ. ಹೇಳಿದ್ದಕ್ಕಿಂತ ಮುಟ್ಟಿದ್ದು ಚೆನ್ನಾಗಿ ನೆನಪಿರುತ್ತದೆ.

ಬಿಸಿಲು ಬಡಿದರೆ

ತಲೆಸುತ್ತು, ವಾಂತಿ, ಸುಸ್ತು ಕಂಡರೆ ನೆರಳಿಗೆ ಕರೆತಂದು, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಹಾಕಿರಿ. ಒಂದು ಲೀಟರ್ ಶುದ್ಧ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಸಣ್ಣ ಚಹಾ ಚಮಚ, ಸಮವಾಗಿ) ಹಾಕಿ ಗುಟುಕು ಗುಟುಕಾಗಿ ಕುಡಿಸಿರಿ. ಮೈ ಕೆಂಡದಂತೆ ಕಾದು, ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿರಿ. ಮೈಮೇಲೆ ನೀರು ಸುರಿಯುತ್ತಲೇ 108ಕ್ಕೆ ಫೋನ್ ಮಾಡಿರಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಯ ಯಾವ ಕೋಣೆ ಸಂಜೆ ಹೆಚ್ಚು ಕಾಯುತ್ತದೆ? ಅದರ ಕಿಟಕಿ ಯಾವ ದಿಕ್ಕಿಗಿದೆ?
2. ಇಡೀ ದಿನ ಮನೆಯಲ್ಲೇ ಇರುವ ಮುದುಕರು, ಬಾಣಂತಿಯರು, ಕೂಸುಗಳು ನಮ್ಮ ಓಣಿಯಲ್ಲಿ ಎಷ್ಟು ಜನ?
3. ‘ಮನಿ ಚೆಂದ ಕೆಡ್ತೈತಿ’ ಎಂದು ಮನೆಯವರು ಅಥವಾ ಬಾಡಿಗೆ ಮನೆಯ ಮಾಲಕರು ಅಂದರೆ ಏನು ಹೇಳುತ್ತೀರಿ?
4. ಗೋಣಿ, ಬಿದಿರು, ಶೇಡ್ ನೆಟ್ ಇವುಗಳ ದರ ನಮ್ಮೂರ ಸಂತೆಯಲ್ಲಿ ಎಷ್ಟು? ಒಂದು ಕಿಟಕಿಗೆ ಒಟ್ಟು ಎಷ್ಟು ಬೀಳುತ್ತದೆ?

ಸಂಘದ ತೀರ್ಮಾನ (ನಡಾವಳಿ ಪುಸ್ತಕದಲ್ಲಿ ಬರೆಯಿರಿ)

• ಮುಂದಿನ ಸಭೆಯೊಳಗೆ ಪ್ರತಿ ಸದಸ್ಯೆ ತನ್ನ ಮನೆಯ ಪಶ್ಚಿಮದ ಒಂದು ಕಿಟಕಿಗೆ ನೆರಳು ಕಟ್ಟುವುದು.
• ಒಂಟಿಯಾಗಿರುವ ಮುದುಕರ ಮನೆಗೆ ಸಂಘದವರೇ ಕೂಡಿ ಕಟ್ಟಿಕೊಡುವುದು.
• ಖರ್ಚು ಎಷ್ಟು, ತಂಪು ಎಷ್ಟು ಎಂದು ಮುಂದಿನ ಸಭೆಯಲ್ಲಿ ಒಬ್ಬೊಬ್ಬರೂ ಹೇಳುವುದು. ಯಾರದು ಚೆನ್ನಾಗಿ ಬಂದಿದೆಯೋ ಅವರ ಮನೆಯಲ್ಲೇ ಅದರ ಮುಂದಿನ ಸಭೆ ಇಟ್ಟುಕೊಳ್ಳುವುದು.